ತಾತನ ಕೈ

ನಗಬಾರದಿತ್ತು. ಬಸ್ಸಿನ ಕಿಟಕಿಗೆ ಒರಗಿ ಕೂತವನು ಅಂಗೈಯಿಂದ ಬಾಯಿ ಒರೆಸಿಕೊಂಡ, ಬೆಳಿಗ್ಗೆ ನಕ್ಕ ನಗು ಇನ್ನೂ ಅಲ್ಲೇ ಅಂಟಿಕೊಂಡಿದೆಯೋ ಎನ್ನುವಂತೆ. ಸ್ವಲ್ಪ ಮುಂದಿನ ಸೀಟಿನಲ್ಲಿ ಮಗಳು ಕೂತಿದ್ದಳು. ಒದ್ದೆ ಕೂದಲನ್ನು ಎತ್ತಿ ಕಟ್ಟಿದ್ದಳು, ಕುತ್ತಿಗೆ ನೆಟ್ಟಗಿತ್ತು, ಬಸ್ಸು ತಿರುವಿನಲ್ಲಿ ವಾಲಿದಾಗಲೂ ಕಂಬಿ ಹಿಡಿಯದೆ ಮೊಬೈಲು ನೋಡುತ್ತಿದ್ದಳು. ಗೆಳತಿಯೊಬ್ಬಳು ಕೆಲಸ ಬಿಟ್ಟು ಬೇರೆ ಊರಿಗೆ ಹೋಗುತ್ತಾಳೆಂದು ನಿನ್ನೆ ಹುಡುಗಿಯರೆಲ್ಲ ಸೇರಿ ಊಟಕ್ಕೆ ಹೋಗಿದ್ದರು. ಊಟದ ಜೊತೆ ಕುಡಿದೂ ಇದ್ದರು. ಅದನ್ನು ಅವಳು ಮುಚ್ಚಿಡಲಿಲ್ಲ. ಈ ಮನೆಯಲ್ಲಿ ಅಪ್ಪ ಮಗಳ ನಡುವೆ ಮುಚ್ಚುಮರೆಯಿಲ್ಲವೆಂಬುದು ಇಬ್ಬರೂ ಜಂಬದಿಂದ ಹೇಳಿಕೊಳ್ಳುವ ಮಾತು. ಬೆಳಿಗ್ಗೆ ತಟ್ಟೆಯ ಮುಂದೆ ಕೂತು, ಬಾಯಲ್ಲಿ ತುತ್ತು ಇಟ್ಟುಕೊಂಡೇ ಹೇಳಿದ್ದಳು: "ಎಲ್ಲರೂ ಮಕಾಡೆ ಮಲಗಿಬಿಟ್ರು ಅಪ್ಪ. ಒಬ್ಬಳು ಅಳ್ತಾಳೆ, ಇನ್ನೊಬ್ಬಳು ಬಚ್ಚಲು ಬಿಟ್ಟು ಈಚೆಗೇ ಬರಲ್ಲ. ನನಗೆ ಏನಂದ್ರೆ ಏನೂ ಆಗ್ಲಿಲ್ಲ. ಅವರಿಗಿಂತ ಜಾಸ್ತೀನೇ ಕುಡಿದಿದ್ದೆ. ಒಬ್ಬಳ ಕೋಟಿನ ಗುಂಡಿ ಕಿತ್ತುಬಂದಿತ್ತು, ಹೋಟೆಲಿನವರ ಹತ್ರ ಸೂಜಿ ದಾರ ಇಸ್ಕೊಂಡು, ಒಂದೇ ಸಲಕ್ಕೆ ಪೋಣಿಸಿ ಹೊಲಿದುಕೊಟ್ಟೆ, ಗೊತ್ತಾ?" ಆಗಲೇ ಅವನು ನಕ್ಕಿದ್ದು. ನಕ್ಕಿದ್ದಷ್ಟೇ ಅಲ್ಲ, ತಟ್ಟೆಯಾಚೆ ಕೈ ಚಾಚಿ ಅವಳ ಬೆರಳುಗಳನ್ನು ಹಿಡಿದು, "ನಿನ್ನ ತಾತನ ಕೈ ಕಣೇ ಇದು" ಎಂದಿದ್ದ. ಅವಳು ಖುಷಿಯಿಂದ ಬೆರಳು ಅಗಲಿಸಿ ತೋರಿಸಿದ್ದಳು.

ಹಾಗೆ ಯಾಕೆ ಅಂದೆ ಎಂದು ಅವನಿಗೆ ಅರ್ಥವಾಗಿರಲಿಲ್ಲ. ಮಾತು ತಾನಾಗಿ ಬಂದಿತ್ತು, ಎಷ್ಟೋ ವರ್ಷದಿಂದ ನಾಲಗೆಯ ಕೆಳಗೆ ಕಾದು ಕೂತಿದ್ದಂತೆ. ಅವನ ಅಪ್ಪ ದಿನಾ ಕುಡಿಯುತ್ತಿದ್ದ, ಆದರೆ ಒಂದು ದಿನವೂ ತೂರಾಡಲಿಲ್ಲ. ಬೀದಿಯಲ್ಲಿ ಉಳಿದವರನ್ನು ಹೆಂಡಿರು ಮಕ್ಕಳು ಎತ್ತಿಕೊಂಡು ಹೋಗುತ್ತಿದ್ದರೆ ಅಪ್ಪ ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗೆ ನಡೆದು ಬರುತ್ತಿದ್ದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅಮ್ಮನ ಹೊಲಿಗೆಯ ಡಬ್ಬಿಯಿಂದ ಎಲ್ಲಕ್ಕಿಂತ ಸಣ್ಣ ಸೂಜಿ ತೆಗೆಸಿ, ದೀಪಕ್ಕೆ ಬೆನ್ನು ಹಾಕಿ ನಿಂತು ದಾರ ಪೋಣಿಸುತ್ತಿದ್ದ. ಒಂದೇ ಸಲಕ್ಕೆ. ಆಮೇಲೆ ಆ ಸೂಜಿಯನ್ನು ಎತ್ತಿ ಹಿಡಿದು ಇಬ್ಬರು ಮಕ್ಕಳ ಮುಖ ನೋಡುತ್ತಿದ್ದ. ಅಣ್ಣ ತಮ್ಮ ಇಬ್ಬರೂ ಚಪ್ಪಾಳೆ ತಟ್ಟುತ್ತಿದ್ದರು. ಅಮ್ಮನೂ ನಗುತ್ತಿದ್ದಳು, ಬೈಯುವುದಕ್ಕೆಂದು ಸಂಜೆಯಿಂದ ಕೂಡಿಟ್ಟುಕೊಂಡ ಮಾತೆಲ್ಲ ಆ ನಗುವಿನಲ್ಲಿ ಕರಗಿಹೋಗುತ್ತಿತ್ತು. "ನಮ್ಮ ಮನೆಯೋರು ಗಟ್ಟಿ ಜನ" ಎನ್ನುತ್ತಿದ್ದ ಅಪ್ಪ. ಹಾಗೆ ಹೇಳುತ್ತಲೇ ಅವನ ಹೊಟ್ಟೆ ಊದಿಕೊಂಡಿತು, ಕಣ್ಣು ಹಳದಿಯಾಯಿತು; ಕೊನೆಯ ವಾರದಲ್ಲಿ ಕೂಡ ಮಂಚದ ಮೇಲೆ ಕೂತು ಸೂಜಿ ಕೇಳಿದ್ದ. ಹೊಟ್ಟೆಯ ಕಾಯಿಲೆಯಿಂದ ಹೋದರು ಎಂದು ಅಮ್ಮ ಎಲ್ಲರಿಗೂ ಹೇಳಿದಳು. ಅವನೂ ಹಾಗೆಯೇ ಹೇಳುತ್ತ ಬಂದ, ಹೆಂಡತಿಗೆ, ಮಗಳಿಗೆ. ಅದು ಪೂರ್ತಿ ಸುಳ್ಳೂ ಅಲ್ಲವಲ್ಲ ಎಂದು ಈಗಲೂ ಒಳಗೊಂದು ದನಿ ವಾದಿಸುತ್ತಿತ್ತು. ಆ ದನಿಯ ಬಗ್ಗೆ ಅವನಿಗೆ ಹೇಸಿಗೆಯಾಯಿತು.

ಕಂಪನಿಯ ಮೇಲಿನ ಮಹಡಿಯಲ್ಲಿ ಅವನ ಕೆಲಸದ ಕೋಣೆ. ಉದ್ದಕ್ಕೂ ಕಿಟಕಿ, ಕಿಟಕಿಯ ಕೆಳಗೆ ಉದ್ದಕ್ಕೂ ಮೇಜು, ಮೇಜಿನ ಮೇಲೆ ಸಾಲಾಗಿ ಬಿಳಿ ಬಟ್ಟಲು. ಬೇರೆ ಬೇರೆ ತೋಟದಿಂದ ಬಂದ ಚಹಾ ಎಲೆಯನ್ನು ಚೂರು ಚೂರೇ ತೂಗಿ, ಕುದಿಯುವ ನೀರು ಹೊಯ್ದು, ಹದವಾದ ಮೇಲೆ ಬಟ್ಟಲಿಗೆ ಬಗ್ಗಿಸಿರುತ್ತಾರೆ. ರುಚಿ ನೋಡುವವನು ಚಮಚದಲ್ಲಿ ಮೊಗೆದು, ಸದ್ದಾಗುವಂತೆ ಜೋರಾಗಿ ಎಳೆದುಕೊಂಡು, ಬಾಯಲ್ಲಿ ಒಂದು ಸುತ್ತು ಆಡಿಸಿ, ಉಗುಳಬೇಕು. ಉಗುಳಲಿಕ್ಕೆ ಸೊಂಟದೆತ್ತರದ ಪೀಕದಾನಿ. ಅದಕ್ಕೆ ಗಾಲಿಯಿದೆ, ಕಾಲಿನಿಂದ ತಳ್ಳಿಕೊಂಡು ಬಟ್ಟಲಿನಿಂದ ಬಟ್ಟಲಿಗೆ ಹೋಗಬೇಕು. ನುಂಗುವ ಹಾಗಿಲ್ಲ. ನುಂಗಿದರೆ ಮಧ್ಯಾಹ್ನದ ಹೊತ್ತಿಗೆ ಎದೆ ಹೊಡೆದುಕೊಳ್ಳುತ್ತದೆ, ನಾಲಗೆ ಸುಳ್ಳು ಹೇಳಲು ಶುರುಮಾಡುತ್ತದೆ. ಈ ಕೋಣೆಯಲ್ಲಿ ಅವನಿಗೆ ಒಕ್ಕಣ್ಣ ಎಂದು ಹೆಸರು. ಚಮಚದಿಂದ ಹಾಗೆ ಜೋರಾಗಿ ಎಳೆದುಕೊಂಡ ಕೂಡಲೇ ಅವನ ಎಡಗಣ್ಣು ಮುಚ್ಚಿಕೊಳ್ಳುತ್ತದೆ. ಎಷ್ಟು ಬೇಡವೆಂದರೂ ಮುಚ್ಚಿಕೊಳ್ಳುತ್ತದೆ. ಹೋದ ವರ್ಷ ಮಗಳು ಇಲ್ಲಿ ಕಲಿಯಲು ಸೇರಿದಾಗ, ಮೊದಲ ಚಮಚಕ್ಕೇ ಅವಳ ಎಡಗಣ್ಣೂ ಮುಚ್ಚಿಕೊಂಡದ್ದು ನೋಡಿ ನೀರು ಬಗ್ಗಿಸುವ ಹೆಂಗಸು ಕೆಟಲು ಕೆಳಗಿಟ್ಟು ನಕ್ಕಿದ್ದಳು. ಅಂದಿನಿಂದ ಅವಳು ಮರಿ ಒಕ್ಕಣ್ಣ. ನಾಲಗೆ ಮಾತ್ರ ಅಪ್ಪನನ್ನೂ ಮೀರಿಸುವಂಥದು ಎಂದು ಎಲ್ಲರೂ ಹೇಳುತ್ತಾರೆ, ಹೇಳಿದಾಗಲೆಲ್ಲ ಅವನು ಕೈ ಅಡ್ಡ ಹಿಡಿದು ಬೇಡ ಬೇಡ ಎನ್ನುತ್ತ ಒಳಗೊಳಗೇ ಉಬ್ಬುತ್ತಾನೆ.

ಇವತ್ತು ಅವನು ಮಗಳ ಗಂಟಲನ್ನು ನೋಡುತ್ತಿದ್ದ. ಅವಳದು ಒಂದೇ ತಪ್ಪು, ರುಚಿಯಾದದ್ದು ಸಿಕ್ಕರೆ ನುಂಗಿಬಿಡುತ್ತಾಳೆ. "ಉಗುಳೇ" ಎಂದು ಅವನು ದಿನಾ ರೇಗಿಸುತ್ತಾನೆ, "ಚೆನ್ನಾಗಿದೆ ಅಪ್ಪ, ಪಾಪ, ಅದನ್ನು ಹೇಗೆ ಉಗುಳೋದು" ಎಂದು ಅವಳು ದಿನಾ ಮುಖ ಸೊಟ್ಟ ಮಾಡುತ್ತಾಳೆ. ಇವತ್ತು ರೇಗಿಸಲು ಬಾಯಿ ಬರಲಿಲ್ಲ. ಅವಳ ಗಂಟಲಿನ ಸಣ್ಣ ಎಲುಬು ಮೇಲೆ ಹೋಗಿ ಕೆಳಗೆ ಬಂತು. ನುಂಗಿದಳು. ಮುಂದಿನ ಬಟ್ಟಲು. ಮತ್ತೆ ನುಂಗಿದಳು. ಅವನೂ ಒಂದು ಕಾಲದಲ್ಲಿ ಕುಡಿದು ನೋಡಿದವನೇ. ಈ ಕೆಲಸಕ್ಕೆ ಸೇರುವ ಮೊದಲು, ಯಾರದೋ ಬೀಳ್ಕೊಡುಗೆಯ ದಿನ, ಎಲ್ಲರೂ ಹಾಡುತ್ತ ಬೀಳುತ್ತ ಇದ್ದಾಗ ತಾನೊಬ್ಬ ನೆಟ್ಟಗೆ ನಿಂತು ಎಲ್ಲರ ಚಪ್ಪಲಿ ಹುಡುಕಿಕೊಟ್ಟಿದ್ದ. ಮನೆಗೆ ಬಂದು ಯಾರಿಗೂ ಕಾಣದಂತೆ ಅಮ್ಮನ ಡಬ್ಬಿಯಿಂದ ಸೂಜಿ ತೆಗೆದು ದಾರ ಪೋಣಿಸಿದ್ದ. ಆಮೇಲೆ ಕೆಲವು ದಿನ ಅದೇ ಆಯಿತು; ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಾಗ, ಸಂಜೆ ಎಷ್ಟು ಹೊತ್ತಿಗೆ ಆದೀತು ಎಂದು ತಾನು ಲೆಕ್ಕ ಹಾಕುತ್ತಿರುವುದು ಗೊತ್ತಾಗಿತ್ತು. ಅದೇ ತಿಂಗಳು ಈ ಕೆಲಸ ಸಿಕ್ಕಿತು. ಆಗ ಈಗಿನಂತಲ್ಲ, ಕಟ್ಟುನಿಟ್ಟು ಜಾಸ್ತಿ. ಕುಡಿಯುವ ಹಾಗಿಲ್ಲ, ಸೇದುವ ಹಾಗಿಲ್ಲ, ಈರುಳ್ಳಿ ಕೂಡ ತಿನ್ನುವ ಹಾಗಿಲ್ಲ, ನಾಲಗೆ ಕೆಟ್ಟರೆ ಕೆಲಸ ಹೋಯಿತು ಎಂದರು. ಬಿಟ್ಟ. ಬಿಟ್ಟಿದ್ದು ತನ್ನ ಮನಸ್ಸಿನ ಬಲದಿಂದ ಎಂದು ಆಮೇಲೆ ತಮ್ಮನಿಗೆ ಎಷ್ಟು ಸಲ ಹೇಳಿಲ್ಲ. "ನಾನು ಬಿಡಲಿಲ್ವಾ? ಮನಸ್ಸು ಮಾಡಬೇಕು ಕಣೋ." ತಮ್ಮ ಆಗೆಲ್ಲ ತಲೆ ತಗ್ಗಿಸಿ ಹೌದೌದು ಎನ್ನುತ್ತಿದ್ದ.

ಊಟದ ಹೊತ್ತಿಗೆ ಅವನು ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದ. ತಮ್ಮ ಇದ್ದದ್ದು ಚಟ ಬಿಡಿಸುವ ಆಸ್ಪತ್ರೆಯಲ್ಲಿ. ಇವತ್ತು ಬಿಡುತ್ತಾರೆ, ಮನೆಯವರು ಯಾರಾದರೂ ಬಂದು ಡಾಕ್ಟರ ಜೊತೆ ಮಾತಾಡಿ ಕರೆದುಕೊಂಡು ಹೋಗಬೇಕು ಎಂದು ಫೋನು ಬಂದಿತ್ತು. "ಚಿಕ್ಕಪ್ಪನ್ನ ಕರ್ಕೊಂಡು ಬರ್ತೀನಿ. ಅವನ ರೂಮಿಗೆ ಬಿಟ್ಟು ಮಧ್ಯಾಹ್ನದ ಬಟ್ಟಲಿಗೆ ಬಂದುಬಿಡ್ತೀನಿ" ಎಂದ. ಮಗಳು ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದವಳು ಅವನ ಕಡೆ ನೋಡಿದಳು. ಅವಳ ಕಣ್ಣಿನಲ್ಲಿ ಪ್ರೀತಿಯಿತ್ತು. ಅದನ್ನು ನೋಡಲಾಗದೆ ಅವನು ಕಿಸೆಯಲ್ಲಿ ಇಲ್ಲದ ಕರವಸ್ತ್ರ ಹುಡುಕಿದ. "ನಿಮ್ಮಷ್ಟು ಯಾರೂ ಮಾಡಲ್ಲ ಅಪ್ಪ" ಎಂದಳು ಅವಳು. "ಒಡಹುಟ್ಟಿದವರಿಗೇ ಮಾಡಲ್ಲ ಜನ. ಯಾರು ಹೆತ್ತ ಮಗನೋ ಏನೋ, ಅಜ್ಜಿ ತಂದು ಸಾಕಿದ್ದಕ್ಕೆ ನೀವು ಇವತ್ತಿಗೂ ಹೊತ್ಕೊಂಡಿದ್ದೀರ."

ಮೆಟ್ಟಿಲಿಳಿಯುವಾಗ ಅವನ ಕಿವಿ ಬಿಸಿಯಾಗಿತ್ತು. ಆ ಮಾತು ಹುಟ್ಟಿದ ಮಧ್ಯಾಹ್ನ ಅವನಿಗೆ ಚೆನ್ನಾಗಿ ನೆನಪಿದೆ, ಗೋಡೆಯ ಮೇಲೆ ಬಿದ್ದಿದ್ದ ಬಿಸಿಲಿನ ಸಮೇತ. ಹೆಂಡತಿಯ ಕಡೆಯವರು ಸಂಬಂಧದ ಮಾತಿಗೆಂದು ಮೊದಲ ಸಲ ಮನೆಗೆ ಬಂದು ಕೂತಿದ್ದರು. ಅಷ್ಟರಲ್ಲಿ ತಮ್ಮ ಒಳಗೆ ಬಂದ. ತೂರಾಡಲಿಲ್ಲ, ತೊದಲಲಿಲ್ಲ, ಎಲ್ಲರಿಗೂ ಕೈಮುಗಿದು ಒಳಗೆ ಹೋದ. ವಾಸನೆ ಮಾತ್ರ ಕೋಣೆಯಲ್ಲೇ ಉಳಿಯಿತು. ಹೆಂಡತಿಯ ಸೋದರಮಾವ ಮೂಗು ಅರಳಿಸಿ, "ಇವರು?" ಎಂದು ಕೇಳಿದ. "ಅದು ನಾವು ಸಾಕಿದ ಹುಡುಗ. ನನ್ನ ಹೊಟ್ಟೇದಲ್ಲ" ಎಂದಳು ಅಮ್ಮ. ಎಷ್ಟು ಸಲೀಸಾಗಿ ಎಂದರೆ, ಅವನಿಗೇ ಒಂದು ಕ್ಷಣ ಹೌದೇನೋ ಅನ್ನಿಸಿತು. ಎಲ್ಲರೂ ಅವನ ಮುಖ ನೋಡಿದರು. ಅವನು ತಲೆಯಾಡಿಸಿದ. ಅಡುಗೆಮನೆಯ ಬಾಗಿಲಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದ ತಮ್ಮ ಅಣ್ಣ ತಲೆಯಾಡಿಸಿದ್ದನ್ನು ನೋಡಿದ, ನೀರು ಕುಡಿದು ಮುಗಿಸಿದ, ಲೋಟ ತೊಳೆದಿಟ್ಟ. ಅಂದಿನಿಂದ ಅವನು ಹೊರಗಿನವರ ಮುಂದೆ ಅಮ್ಮನನ್ನು ಅಮ್ಮ ಎಂದು ಕರೆಯಲಿಲ್ಲ. ಅಮ್ಮ ಸತ್ತಾಗ ಹೆಗಲು ಕೊಡಲು ಮುಂದೆ ಬರದೆ ಹಿಂದೆ ನಿಂತಿದ್ದ. ಅಣ್ಣನ ಮದುವೆಗೆ ಅಡ್ಡಿಯಾಗದಿರಲಿ ಎಂದು ಒಂದು ದಿನಕ್ಕೆ ಹೇಳಿದ ಸುಳ್ಳನ್ನು ಅವನು ಕೆಲಸದಂತೆ ನಿಯತ್ತಾಗಿ ಮಾಡಿಕೊಂಡು ಬಂದಿದ್ದ. ಹೆಂಡತಿ ನಂಬಿದ್ದಳು, ಮಗಳು ಅದರಲ್ಲೇ ಬೆಳೆದಳು. ಅದರ ಪುಣ್ಯವೆಲ್ಲ ಇವನ ಖಾತೆಗೆ ಬಂದು ಬೀಳುತ್ತಿತ್ತು.

ಆಸ್ಪತ್ರೆಯ ಕೋಣೆಯಲ್ಲಿ ಡಾಕ್ಟರಮ್ಮನ ಮೇಜಿನ ಈಚೆ ಎರಡು ಕುರ್ಚಿ. ತಮ್ಮ ಒಂದರಲ್ಲಿ ಕೂತಿದ್ದ, ಒಗೆದು ಒಣಗಿಸಿದ ಅಂಗಿ ಹಾಕಿಕೊಂಡು, ಬಟ್ಟೆಯ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು. ತೆಳ್ಳಗಾಗಿದ್ದ. ಅಣ್ಣನನ್ನು ನೋಡಿ ಎದ್ದು ನಿಂತ. ಅಣ್ಣ ಕೂತ ಮೇಲೆ ಕೂತ. ಡಾಕ್ಟರಮ್ಮ ದೊಡ್ಡ ವಯಸ್ಸಿನವಳಲ್ಲ, ನಿದ್ದೆಗೆಟ್ಟ ಕಣ್ಣು, ಮಾತು ನಿಧಾನ. ಮಾತ್ರೆ ಯಾವ ಹೊತ್ತಿಗೆ, ಊಟ ಹೇಗೆ, ಮತ್ತೆ ತೋರಿಸಲು ಯಾವಾಗ ಬರಬೇಕು ಎಲ್ಲ ಹೇಳಿದಳು. ಆಮೇಲೆ, "ಒಂದು ವಿಷಯ ಕೇಳಬೇಕಿತ್ತು. ಮನೇಲಿ ಇನ್ಯಾರಿಗಾದ್ರೂ ಇತ್ತಾ ಇದು? ನಿಮ್ಮ ತಂದೆಗೆ? ನಿಮಗೆ?" ಎಂದಳು ಅವನ ಕಡೆ ತಿರುಗಿ.

ಅವನು ಬಾಯಿ ತೆರೆದ. ಹೇಳುವವನೇ ಇದ್ದ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ; ಆದರೆ ತೆರೆದ ಬಾಯಿಂದ ಮಾತು ಬರುವ ಮೊದಲು ಪಕ್ಕದಿಂದ ತಮ್ಮನ ದನಿ ಬಂತು. "ಇವರನ್ನ ಕೇಳಿದ್ರೆ ಗೊತ್ತಾಗಲ್ಲ ಡಾಕ್ಟ್ರೇ. ನಾನು ಸಾಕುಮಗ. ಹೆತ್ತವರು ಯಾರೋ ಏನೋ. ಇವರಮ್ಮ ದೊಡ್ಡ ಮನಸ್ಸು ಮಾಡಿ ಸಾಕಿದ್ರು." ಕಲಿತ ಪಾಠ ಒಪ್ಪಿಸಿದ ಹಾಗೆ, ತಡವರಿಸದೆ. ಹೇಳಿ ಮುಗಿಸಿ ಅಣ್ಣನ ಕಡೆ ಒಂದು ಸಲ ನೋಡಿದ, ಸರಿಯಾಯ್ತಲ್ಲ ಎನ್ನುವಂತೆ.

"ಹೌದಾ" ಎಂದಳು ಡಾಕ್ಟರಮ್ಮ. ಬರೆದುಕೊಳ್ಳಲು ಎತ್ತಿದ ಪೆನ್ನನ್ನು ಕೆಳಗಿಟ್ಟಳು. "ಯಾಕೆ ಕೇಳಿದೆ ಅಂದ್ರೆ, ಇದರಲ್ಲಿ ಹೆಚ್ಚು ಕಮ್ಮಿ ಅರ್ಧ ಹುಟ್ಟಿನಿಂದ ಬರೋದು. ಅದಕ್ಕಂತ ಒಂದೇ ಒಂದು ಜೀನ್ ಇರಲ್ಲ, ಎಷ್ಟೋ ಸೇರಿ ಆಗೋದು. ಇವರೇ ಹೇಳ್ತಿದ್ರು, ಹುಡುಗನಾಗಿದ್ದಾಗ ಎಷ್ಟು ಕುಡಿದ್ರೂ ಏರ್ತಾನೇ ಇರಲಿಲ್ಲ ಅಂತ. ಅದೇ ನೋಡಿ ಅಪಾಯದ್ದು. ಬಹಳ ಜನಕ್ಕೆ ಸ್ವಲ್ಪ ಕುಡಿದ್ರೆ ತಲೆ ಸುತ್ತುತ್ತೆ, ಹೊಟ್ಟೆ ತೊಳಸುತ್ತೆ, ಸಾಕು ಅಂತ ದೇಹಾನೇ ಹೇಳುತ್ತೆ. ಕೆಲವರಿಗೆ ಅದು ಹೇಳೋದೇ ಇಲ್ಲ."

"ಅಂದ್ರೆ, ಗಟ್ಟಿಯಾಗಿರೋರು" ಎಂದ ಅವನು. ದನಿ ತನ್ನದಲ್ಲವೆನ್ನಿಸಿತು.

"ಗಟ್ಟಿ ಅಂತ ಅವರು ಅಂದ್ಕೊಳ್ತಾರೆ. ಕರೆಗಂಟೆ ಇಲ್ಲದ ಮನೆ ಇದ್ದ ಹಾಗೆ ಅದು. ಬಂದವರು ಒಳಗೆ ಕೂತಾದ ಮೇಲೇ ಗೊತ್ತಾಗೋದು. ಹಾಗಂತ ಹಣೆಬರಹ ಅಂತಲ್ಲ. ಅಂಥ ಮನೆಯಲ್ಲಿ ಹುಟ್ಟಿ ಒಂದು ತೊಟ್ಟೂ ಮುಟ್ಟದೆ ಬದುಕಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವರಿಗೆ ಗೊತ್ತಿರಬೇಕು. ಚಿಕ್ಕ ವಯಸ್ಸಲ್ಲೇ ಯಾರಾದ್ರೂ ಹೇಳಿರಬೇಕು." ಅವಳು ಗಡಿಯಾರ ನೋಡಿಕೊಂಡಳು. ಹೊರಗೆ ಇನ್ಯಾರೋ ಕಾಯುತ್ತಿದ್ದರು. "ನಿಮಗೆ ಇದರಿಂದ ಚಿಂತೆ ಇಲ್ಲ ಬಿಡಿ, ನಿಮ್ಮ ರಕ್ತ ಅಲ್ವಲ್ಲ. ಇವರನ್ನ ಸ್ವಲ್ಪ ದಿನ ಒಬ್ಬರೇ ಇರೋಕೆ ಬಿಡಬೇಡಿ, ಅಷ್ಟೇ."

ಅವನು ತಲೆಯಾಡಿಸಿದ. ಅದೇ ತಲೆ, ಅದೇ ಕುತ್ತಿಗೆ, ಸೋದರಮಾವನ ಮುಂದೆ ಆಡಿದಂತೆಯೇ ಆಡಿತು. ಕುರ್ಚಿಯಿಂದ ಏಳುವಾಗ ಅವನಿಗೆ ತನ್ನ ಮೇಲೆ ಬಂದ ನಾಚಿಕೆ ಎಷ್ಟಿತ್ತೆಂದರೆ ಕಾಲಿಗೆ ಮೇಜು ಬಡಿದದ್ದೂ ತಿಳಿಯಲಿಲ್ಲ. ಬಾಗಿಲ ತನಕ ಬಂದು ನಿಂತ. ತಿರುಗಿ ಒಳಗೆ ಹೋಗಿ, ಸುಳ್ಳು ಡಾಕ್ಟ್ರೇ, ಇವನು ನನ್ನ ಬೆನ್ನಿಗೆ ಹುಟ್ಟಿದವನು, ನನಗೊಬ್ಬಳು ಮಗಳಿದ್ದಾಳೆ ಎನ್ನಬೇಕು. ಅಷ್ಟರಲ್ಲಿ ಹೊರಗೆ ಕಾಯುತ್ತಿದ್ದವರು ಒಳಗೆ ಹೋದರು, ಬಾಗಿಲು ಮುಚ್ಚಿತು. ಮುಚ್ಚಿದ್ದರಿಂದ ಅವನಿಗೆ ಸಮಾಧಾನವೂ ಆಯಿತು. ಆ ಸಮಾಧಾನವೇ ಉಳಿದೆಲ್ಲಕ್ಕಿಂತ ಹೆಚ್ಚು ಹೊಲಸೆನ್ನಿಸಿತು.

ಬೀದಿಯಲ್ಲಿ ತಮ್ಮ ಒಂದು ಹೆಜ್ಜೆ ಹಿಂದೆಯೇ ನಡೆಯುತ್ತಿದ್ದ. ಅವನು ನಿಧಾನ ಮಾಡಿದರೆ ತಮ್ಮನೂ ನಿಧಾನ ಮಾಡುತ್ತಿದ್ದ. ಸೈಕಲ್ ರಿಪೇರಿಯ ಅಂಗಡಿ, ಇಸ್ತ್ರಿಯ ಅಂಗಡಿ, ಅದರ ಪಕ್ಕ ಮಧ್ಯಾಹ್ನಕ್ಕೇ ಬಾಗಿಲು ತೆರೆದ ಬಾರು. ಅಲ್ಲಿ ಬಂದಾಗ ತಮ್ಮ ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿ ಎದುರು ಸಾಲಿನ ಗೋಡೆ ನೋಡುತ್ತ ದಾಟಿದ. ಅವನ ಕೆನ್ನೆಯ ಸ್ನಾಯು ಬಿಗಿದಿತ್ತು. ಅಷ್ಟು ದೂರ ದಾಟಲು ಎಷ್ಟು ಮನಸ್ಸು ಬೇಕಾಯಿತೋ, ತಾನು ಇಡೀ ಜನ್ಮದಲ್ಲಿ ಅಷ್ಟು ಮನಸ್ಸು ಮಾಡಿದ್ದುಂಟೇ ಎಂದು ಅವನಿಗನ್ನಿಸಿತು. ತನಗೆ ಸಿಕ್ಕಿದ್ದು ಒಂದು ಕೆಲಸ, ಒಂದು ಪೀಕದಾನಿ. ಈ ಕೆಲಸ ತಮ್ಮನಿಗೆ ಸಿಕ್ಕಿದ್ದರೆ? ಚಿಕ್ಕಂದಿನಲ್ಲಿ ನಾಲಗೆ ಚುರುಕಾಗಿದ್ದದ್ದು ಅವನದೇ. ಕಣ್ಣು ಕಟ್ಟಿಕೊಂಡು, ಇದು ಹಿತ್ತಿಲ ಬಾವಿ ನೀರು, ಇದು ಬೀದಿಯ ನಲ್ಲಿ ನೀರು ಎಂದು ಹೇಳಿ ಅಪ್ಪನನ್ನೇ ಬೆರಗುಗೊಳಿಸುತ್ತಿದ್ದ.

"ಯಾಕೋ ಹಾಗೆ ಹೇಳಿದೆ?" ಎಂದು ಅವನು ಕೇಳಿದ.

"ಯಾವುದು? ಓ, ಅದಾ." ತಮ್ಮ ಸಣ್ಣಗೆ ನಕ್ಕ. "ಬಾಯಿಪಾಠ ಆಗಿಹೋಗಿದೆ ಬಿಡಣ್ಣ. ನೀನು ಒದ್ದಾಡೋದು ನೋಡಕ್ಕಾಗಲ್ಲ ನನಗೆ."

"ಡಾಕ್ಟರ ಹತ್ರ ಸುಳ್ಳು ಹೇಳಬಾರದು."

"ನೀನು ಹೇಳಬಹುದಿತ್ತಲ್ಲ." ತಮ್ಮನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಸ್ವಲ್ಪ ದೂರ ನಡೆದು, "ಮರಿ ಹೇಗಿದ್ದಾಳೆ?" ಎಂದು ಕೇಳಿದ. ಮಗಳನ್ನು ಅವನು ಯಾವಾಗಲೂ ಹಾಗೇ ಕರೆಯುತ್ತಿದ್ದದ್ದು.

"ನಿನ್ನೆ ಕುಡಿದು ಬಂದಿದ್ದಳು" ಎಂದ ಅವನು. ಯಾಕೆ ಇವನಿಗೆ ಹೇಳುತ್ತಿದ್ದೇನೆ ಎಂದುಕೊಳ್ಳುತ್ತಲೇ ಹೇಳಿದ. "ಏನೂ ಆಗಲಿಲ್ವಂತೆ. ಸೂಜಿಗೆ ದಾರ ಪೋಣಿಸಿದಳಂತೆ."

ತಮ್ಮ ನಿಂತುಬಿಟ್ಟ. ಚೀಲ ಹಿಡಿದ ಕೈ ಕೆಳಗೆ ಜೋತುಬಿತ್ತು. ಅವನ ಮುಖದಲ್ಲಿ ಅಷ್ಟು ಹೆದರಿಕೆಯನ್ನು ಅಣ್ಣ ಅಪ್ಪನ ಕೊನೆಯ ದಿನಗಳಲ್ಲೂ ಕಂಡಿರಲಿಲ್ಲ. "ನೀನೇನಂದೆ?" ಎಂದು ಕೇಳಿದ ತಮ್ಮ.

ಅವನು ಬಸ್ ಸ್ಟಾಪಿನ ಕಡೆ ನಡೆದ. ತಮ್ಮನ ರೂಮಿಗೆ ಹೋಗುವ ಬಸ್ಸು ಬಂತು, ನಿಂತಿತು, ಹೋಯಿತು. "ಬಾ" ಎಂದ ಅವನು. "ನನ್ನ ಜೊತೆ ಬಾ."

ಕೋಣೆಯಲ್ಲಿ ಮಧ್ಯಾಹ್ನದ ಬಟ್ಟಲುಗಳಿಗೆ ಚಹಾ ಬಗ್ಗಿಸಿಟ್ಟು ನೀರಿನ ಹೆಂಗಸು ಕೆಳಗೆ ಹೋಗಿದ್ದಳು. ಮಗಳೊಬ್ಬಳೇ ಇದ್ದಳು. ಚಿಕ್ಕಪ್ಪನನ್ನು ಕಂಡು ಅವಳ ಮುಖ ಅರಳಿತು. ಸ್ಟೂಲು ಎಳೆದು, ಅದರ ಮೇಲಿನ ಧೂಳನ್ನು ಏಪ್ರನ್ನಿನ ತುದಿಯಿಂದ ಒರೆಸಿದಳು. ತಮ್ಮ ಕೂರಲಿಲ್ಲ. ಇಷ್ಟು ವರ್ಷದಲ್ಲಿ ಅವನು ಒಂದು ದಿನವೂ ಈ ಮೆಟ್ಟಿಲು ಹತ್ತಿರಲಿಲ್ಲ, ಅಣ್ಣ ಹತ್ತಿಸಿರಲಿಲ್ಲ. ಬಿಳಿ ಬಟ್ಟಲುಗಳ ಸಾಲನ್ನು, ಕಿಟಕಿಯ ಬೆಳಕನ್ನು, ತಾನು ಕೈಯಿಟ್ಟರೆ ಏನಾದರೂ ಕೊಳೆಯಾದೀತು ಎನ್ನುವಂತೆ ಕೈ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದ. "ರುಚಿ ನೋಡ್ತೀರಾ ಚಿಕ್ಕಪ್ಪ?" ಎಂದಳು ಮಗಳು. "ನುಂಗಬಾರದು ಮತ್ತೆ. ಅಪ್ಪ ಹೊಡೀತಾರೆ." ಚಮಚ ತೊಳೆದು ಕೈಗೆ ಕೊಟ್ಟಳು. ಪೀಕದಾನಿಯನ್ನು ಕಾಲಿನಿಂದ ಅವನ ಪಕ್ಕಕ್ಕೆ ತಳ್ಳಿದಳು. "ಒಂದು ಬಟ್ಟಲು ಒಳ್ಳೇ ತೋಟದ್ದು, ಇನ್ನೊಂದು ಗುಡಿಸಿ ತೆಗೆದ ಧೂಳು. ಯಾವುದು ಯಾವುದು ಹೇಳಿ ನೋಡೋಣ."

ತಮ್ಮ ಅಣ್ಣನ ಕಡೆ ನೋಡಿದ. ಅಣ್ಣ ತಲೆಯಾಡಿಸಿದ, ಇವತ್ತಿನ ದಿನದಲ್ಲಿ ಆ ಒಂದು ಸಲ ತಲೆಯಾಡಿಸಿದ್ದು ಮಾತ್ರ ಅವನಿಗೆ ತಪ್ಪೆನ್ನಿಸಲಿಲ್ಲ. ತಮ್ಮ ಮೊದಲ ಬಟ್ಟಲಿನಿಂದ ಒಂದು ಚಮಚ ಎಳೆದುಕೊಂಡು ಉಗುಳಿದ, ಎರಡನೆಯದರಿಂದ ಇನ್ನೊಂದು ಎಳೆದುಕೊಂಡ. ಬಾಯಲ್ಲಿ ಆಡಿಸಿದ. ಬಹಳ ಹೊತ್ತು ಆಡಿಸಿದ, ಬಾಗಿಲು ತಟ್ಟಿ ಒಳಗಿನವರು ಬರಲೆಂದು ಕಾಯುವವನ ಹಾಗೆ. ಉಗುಳಿದ. ಗುಡಿಸಿ ತೆಗೆದ ಧೂಳಿನ ಬಟ್ಟಲು ತೋರಿಸಿ, "ಇದು ಚೆನ್ನಾಗಿದೆ" ಎಂದ. ಬಾವಿ ನೀರು, ನಲ್ಲಿ ನೀರು ಹೇಳುತ್ತಿದ್ದ ನಾಲಗೆ ಸುಟ್ಟುಹೋಗಿತ್ತು. ಅಣ್ಣನ ಮುಖ ನೋಡಿ ಅವನಿಗೂ ಅದು ಗೊತ್ತಾಯಿತು. ಚಮಚವನ್ನು ಮೆಲ್ಲಗೆ ಕೆಳಗಿಟ್ಟ. ಆದರೆ ಮಗಳು ಬಟ್ಟಲಿನ ಕಡೆ ನೋಡುತ್ತಿರಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು. ಎರಡೂ ಸಲ ಅವನ ಎಡಗಣ್ಣು ಮುಚ್ಚಿಕೊಂಡಿತ್ತು.

"ಚಿಕ್ಕಪ್ಪ, ಇನ್ನೊಂದು ಸಲ" ಎಂದಳು. ನಗುತ್ತಲೇ ಹೇಳಿದಳು. ತಮ್ಮ ಇನ್ನೊಂದು ಚಮಚ ಎಳೆದುಕೊಂಡ. ಎಡಗಣ್ಣು ಮುಚ್ಚಿತು. ಅವಳು ಅಪ್ಪನ ಕಡೆ ತಿರುಗಿದಳು, ನಗು ಅರ್ಧಕ್ಕೆ ನಿಂತಿತ್ತು.

"ನನ್ನ ಸ್ವಂತ ತಮ್ಮ" ಎಂದ ಅವನು. "ನನ್ನಮ್ಮ ಹೆತ್ತ ಮಗ. ಸಾಕಿದ್ದು ಅಂತ ಹೇಳಿದ್ದೆಲ್ಲ ಸುಳ್ಳು."

"ಬೇಡಣ್ಣ" ಎಂದ ತಮ್ಮ.

"ನಿಮ್ಮ ತಾತ ಹೊಟ್ಟೆ ಕಾಯಿಲೆಯಿಂದ ಹೋಗಲಿಲ್ಲ. ಕುಡಿದು ಹೋದರು. ದಿನಾ ಕುಡಿದು ಬಂದು ಸೂಜಿಗೆ ದಾರ ಪೋಣಿಸ್ತಿದ್ರು. ನನಗೂ ಏರ್ತಿರಲಿಲ್ಲ, ಇವನಿಗೂ ಏರ್ತಿರಲಿಲ್ಲ. ಅದು ಗಟ್ಟಿತನ ಅಲ್ವಂತೆ. ಅದೇ ಕಾಯಿಲೆಯ ಶುರು ಅಂತೆ. ಡಾಕ್ಟರಮ್ಮ ಇವತ್ತು ಹೇಳಿದಳು." ಇನ್ನೂ ಏನೋ ಹೇಳಬೇಕಿತ್ತು, ಗೊತ್ತಿರಬೇಕು, ಗೊತ್ತಿದ್ದರೆ ಸಾಕು, ಹಣೆಬರಹವಲ್ಲ ಎಂದೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಮಗಳ ಮುಖ ನೋಡಿ ಅದೆಲ್ಲ ಮರೆತುಹೋಯಿತು. ಅವಳು ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು, ಬೆಳಿಗ್ಗೆ ತಟ್ಟೆಯಾಚೆಯಿಂದ ಅವನು ಹಿಡಿದುಕೊಂಡಿದ್ದ ಬೆರಳುಗಳನ್ನು.

"ಮತ್ತೆ ಬೆಳಿಗ್ಗೆ ಯಾಕೆ ನಕ್ಕಿರಿ?" ಎಂದು ಕೇಳಿದಳು.

ಬೇರೆ ಏನು ಕೇಳಿದ್ದರೂ ಅವನು ತಡೆದುಕೊಳ್ಳುತ್ತಿದ್ದ. ಇಷ್ಟು ವರ್ಷ ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಬಹುದಿತ್ತು. ಅದಕ್ಕೆ ಅಮ್ಮ, ಮದುವೆ, ಜನ ಎಂದು ಏನಾದರೂ ಹೇಳಬಹುದಿತ್ತು. ಪೀಕದಾನಿಯ ಅಂಚು ಹಿಡಿದುಕೊಂಡು ನಿಂತ. ತಮ್ಮ ಬೇರೆ ಕಡೆ ನೋಡುತ್ತಿದ್ದ.

"ಹೆಮ್ಮೆ ಆಯ್ತು" ಎಂದ ಅವನು.

ಅವಳು ಅಳಲಿಲ್ಲ, ಹೊರಗೂ ಹೋಗಲಿಲ್ಲ. ಚಿಕ್ಕಪ್ಪ ಕೆಳಗಿಟ್ಟ ಚಮಚವನ್ನು ಎತ್ತಿಕೊಂಡು ತೊಳೆದಳು, ಮೇಜಿನ ಮೊದಲಿಗೆ ಹೋಗಿ ನಿಂತಳು. ಮಧ್ಯಾಹ್ನದ ಬಟ್ಟಲುಗಳು ಆರುತ್ತಿದ್ದವು, ಆರಿದರೆ ರುಚಿ ಸುಳ್ಳಾಗುತ್ತದೆ ಎಂದು ಅವಳಿಗೆ ಕಲಿಸಿದ್ದು ಅವನೇ. ಮೊದಲ ಬಟ್ಟಲಿನಿಂದ ಸದ್ದಾಗುವಂತೆ ಎಳೆದುಕೊಂಡಳು. ಅವಳು ಎಡಗಣ್ಣನ್ನು ತೆರೆದೇ ಇಟ್ಟುಕೊಳ್ಳಲು ನೋಡುತ್ತಿರುವುದು ಅವನಿಗೆ ಕಂಡಿತು. ಹುಬ್ಬು ಮೇಲೆತ್ತಿದಳು, ಹಣೆ ಸುಕ್ಕಾಯಿತು, ರೆಪ್ಪೆ ಅದುರಿತು. ಇನ್ನೊಂದು ಕೈಯ ಬೆರಳಿಂದ ರೆಪ್ಪೆಯನ್ನು ಮೇಲೆ ಒತ್ತಿ ಹಿಡಿದಳು. ಬೆರಳಿನ ಕೆಳಗೆ ಕಣ್ಣು ಒದ್ದಾಡಿತು, ನೀರು ತುಂಬಿತು, ಆದರೂ ಮುಚ್ಚಿಕೊಂಡಿತು. ಬಾಯಲ್ಲಿ ಚಹಾ ಇಟ್ಟುಕೊಂಡೇ ಅವಳು ಹಾಗೆ ನಿಂತಳು, ನುಂಗದೆ, ಉಗುಳದೆ. ಅವನಿಗೆ ಹತ್ತಿರ ಹೋಗುವ ಧೈರ್ಯವಾಗಲಿಲ್ಲ. ಕಾಲು ಚಾಚಿ ಪೀಕದಾನಿಯನ್ನು ಅವಳ ಕಡೆ ತಳ್ಳಿದ. ಗಾಲಿ ಗಲಗಲ ಸದ್ದು ಮಾಡುತ್ತ ಹೋಗಿ ಅವಳ ಮೊಣಕಾಲಿಗೆ ತಾಗಿ ನಿಂತಿತು. ಅವನ ಕಡೆ ನೋಡದೆ, ಬಗ್ಗಿ, ಅವಳು ಉಗುಳಿದಳು.